ಚಂದ್ರನ ಬೆಳಕು, ಲಾಂದ್ರದ ಬೆಳಕು

ಪ್ರಶ್ನೆ: ಇಂಗ್ಲೆಂಡಿನ ಕಲಾವಿದ ಟರ್ನರ್ ಬರೆದ ‘ಫಿಶರ್‌ಮೆನ್ ಅಟ್ ಸೀ’ ಎಂಬ ಚಿತ್ರದ ಮುದ್ರಿತ ಪ್ರತಿಯನ್ನು ಈಚೆಗೆ ನೋಡಿದೆ. ಬೆಳದಿಂಗಳೆಂದರೆ ತಂಪು, ಹಿತ ಎಂದೇ ನಾವು ಓದಿಕೊಂಡು ಬಂದವರು. ಇಲ್ಲಿ ತುಂಬು ಚಂದ್ರನಿದ್ದರೂ ಬಿರುಗಾಳಿಯ ಆ ಕಡಲನ್ನು ಕಂಡು ಎದೆ ಝಲ್ಲೆಂದಿತು. ಏಕೆ ಹೀಗೆ? ಅಂಥ ರಾತ್ರಿಯಲ್ಲಿ ಚಿತ್ರ ಬರೆದದ್ದಾದರೂ ಹೇಗೆ?
– ಓದುಗರೊಬ್ಬರು, ಹೊನ್ನಾವರ

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಇದು ದಂಡೆಯ ಮೇಲೆ ಕುಳಿತು ಬರೆದ ಚಿತ್ರವಲ್ಲ. 1795ರಲ್ಲಿ ಟರ್ನರ್ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಐಲ್ ಆಫ್ ವೈಟ್ ದ್ವೀಪವನ್ನು ಸುತ್ತಿ, ಕಂಡದ್ದನ್ನು ಪುಸ್ತಕದಲ್ಲಿ ಗೀಚಿಕೊಂಡು ಬಂದಿದ್ದ. ಮರುವರ್ಷ ಲಂಡನ್ನಿನ ರಾಯಲ್ ಅಕಾಡೆಮಿಯ ಪ್ರದರ್ಶನದಲ್ಲಿ ಈ ಚಿತ್ರ ಕಾಣಿಸಿಕೊಂಡಾಗ ಅವನಿಗೆ 21 ವರ್ಷ. ಕ್ಷೌರಿಕನ ಮಗನಾದ ಈ ಹುಡುಗ ಅಲ್ಲಿಯವರೆಗೆ ಜಲವರ್ಣದ ಚಿತ್ರಗಳಿಗೆ ಹೆಸರಾಗಿದ್ದವನು. ಅಲ್ಲಿ ಅವನು ಪ್ರದರ್ಶಿಸಿದ ಮೊದಲ ತೈಲಚಿತ್ರವೇ ಇದು. ಬೆಳದಿಂಗಳ ಕಡಲು ಅವನು ಹೊಸದಾಗಿ ಹುಡುಕಿದ ವಸ್ತುವೇನಲ್ಲ. ಫ್ರಾನ್ಸಿನ ವೆರ್ನೆ, ಇಂಗ್ಲೆಂಡಿನವನೇ ಆದ ಡರ್ಬಿಯ ಜೋಸೆಫ್ ರೈಟ್ ಅದನ್ನು ಆಗಲೇ ಜನಪ್ರಿಯಗೊಳಿಸಿದ್ದರು.

ಇನ್ನು ಭಯದ ಮಾತು. ನಿಮ್ಮ ಪ್ರತಿಯನ್ನು ಎದುರಿಗಿಟ್ಟುಕೊಂಡು, ದೋಣಿಯಲ್ಲಿ ಉರಿಯುತ್ತಿರುವ ಲಾಂದ್ರವನ್ನು ಬೆರಳಿನಿಂದ ಮುಚ್ಚಿ ನೋಡಿ. ಮೋಡಗಳ ನಡುವೆ ಬಾಯ್ದೆರೆದ ಚಂದ್ರ, ನೀರಿನ ಮೇಲೆ ಚೆಲ್ಲಿದ ತಣ್ಣನೆಯ ಬೆಳಕು ಇವೆಲ್ಲ ಬರಿಯ ಸೊಗಸಾಗಿಬಿಡುತ್ತವೆ. ಬೆರಳು ತೆಗೆದೊಡನೆ ಕೆಂಪು ಹಳದಿಯ ಆ ಪುಟ್ಟ ಬೆಳಕು, ಅದರ ಸುತ್ತ ಕುಳಿತ ನಾಲ್ಕಾರು ಜೀವಗಳು ಮತ್ತೆ ಕಾಣುತ್ತವೆ. ಕಡಲು ಎಷ್ಟು ದೊಡ್ಡದೆಂಬುದು ಆಗ ತಿಳಿಯುತ್ತದೆ. ನಮ್ಮ ಕಾವ್ಯಗಳ ಚಂದ್ರ ಚಕೋರನಿಗೆ ಆಹಾರ, ವಿರಹಿಗಳಿಗೆ ಬೇಗೆ. ಅಂತೂ ಯಾರೊಡನೆಯೋ ಅವನಿಗೆ ನಂಟಿದೆ. ಟರ್ನರನ ಚಂದ್ರನಿಗೆ ದೋಣಿಯವರ ಗೊಡವೆಯೇ ಇಲ್ಲ.

ಎಡಗಡೆ ಮಬ್ಬಾಗಿ ನಿಂತಿರುವವು ಐಲ್ ಆಫ್ ವೈಟ್ ದ್ವೀಪದ ‘ನೀಡಲ್ಸ್’ ಎಂಬ ಬಂಡೆಗಳು. ಹಗಲಿನಲ್ಲಿ ಅವು ಸೀಮೆಸುಣ್ಣದ ಬಿಳುಪು. ಹೆಸರಿನ ಅರ್ಥ ಸೂಜಿಗಳು ಎಂದು. ಸೂಜಿಯಂತೆಯೇ ಇದ್ದ ಬಂಡೆಯಾದರೋ 1764ರ ಬಿರುಗಾಳಿಯಲ್ಲಿ ಕುಸಿದು, ಟರ್ನರ್ ಹುಟ್ಟುವ ಮೊದಲೇ ಕಡಲಿನ ಪಾಲಾಗಿತ್ತು.

ಭಯಂಕರವಾದುದನ್ನು ಸುರಕ್ಷಿತವಾದ ದೂರದಲ್ಲಿ ನಿಂತು ನೋಡಿದಾಗ ಒಂದು ಬಗೆಯ ಆನಂದ ಉಂಟಾಗುತ್ತದೆಂದು ಚಿಂತಕ ಎಡ್ಮಂಡ್ ಬರ್ಕ್ 1757ರಲ್ಲಿ ವಾದಿಸಿದ್ದ. ನಮ್ಮ ವಿಮರ್ಶಕರು ‘ಭವ್ಯತೆ’ ಎನ್ನುವುದು ಇದನ್ನೇ, ಮತ್ತು ಆ ಕಾಲದ ಅನೇಕ ಚಿತ್ರಗಳಿಗೆ ಈ ವಿವರಣೆ ಸಾಕು. ಈ ಚಿತ್ರಕ್ಕೆ ಸಾಲದೆಂದು ನನಗೆ ತೋರುತ್ತದೆ. ನೀವು ಬಿರುಗಾಳಿ ಎಂದಿದ್ದೀರಿ. ಆದರೆ ಇಲ್ಲಿ ಒಡೆದ ಹಡಗಿಲ್ಲ, ಮುಳುಗುತ್ತಿರುವವರ ಚೀರಾಟವಿಲ್ಲ. ಅಲೆ ಎದ್ದಿದೆ, ದೋಣಿ ಓಲಾಡುತ್ತಿದೆ, ಬೆಸ್ತರು ತಮ್ಮ ಕೆಲಸದಲ್ಲಿ ತೊಡಗಿದ್ದಾರೆ. ಅವರ ಪಾಲಿಗೆ ಇದು ದುಡಿಮೆಯ ಇನ್ನೊಂದು ರಾತ್ರಿ. ನಾಳೆಯೂ ಅವರು ಇದೇ ಬಂಡೆಗಳ ಬಳಿಗೆ ಬರಬೇಕು. ಕರಾವಳಿಯವರಾದ ನಿಮಗೆ ಎದೆ ಝಲ್ಲೆಂದದ್ದು ಬಹುಶಃ ಅದಕ್ಕೇ.

ಮೂಲಚಿತ್ರ ಲಂಡನ್ನಿನ ಟೇಟ್ ಕಲಾಸಂಗ್ರಹಾಲಯದಲ್ಲಿದೆ. ಸುಮಾರು ಮೂರು ಅಡಿ ಎತ್ತರ, ನಾಲ್ಕು ಅಡಿ ಅಗಲ, ಅಷ್ಟೇ. ಮುದ್ರಣದಲ್ಲಿ ಕಪ್ಪು ಹೆಚ್ಚಾಗಿ, ದೂರದಲ್ಲಿರುವ ಇನ್ನೊಂದು ದೋಣಿ ಹೂತುಹೋಗುವುದುಂಟು. ಪ್ರತಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹುಡುಕಿ ನೋಡಿ.