ಎರಡು ನಿಮಿಷದ ವಿಮಾನಯಾನ

ಪ್ರಶ್ನೆ: ಸ್ಕಾಟ್ಲೆಂಡಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಎರಡೇ ನಿಮಿಷ ಹಾರುವ ವಿಮಾನವಿದೆಯೆಂಬುದು ನಿಜವೇ? ಅಷ್ಟು ಸಣ್ಣ ಸೇವೆ ನಡೆಸುವ ಸಂಸ್ಥೆ ಉಳಿಯುವುದು ಹೇಗೆ?
– ಓದುಗರೊಬ್ಬರು, ಮಲ್ಪೆ

ಉತ್ತರ: ನಿಜ. ಆರ್ಕ್ನಿ ದ್ವೀಪಸಮೂಹದ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇಗಳ ನಡುವಿನ ಈ ಹಾದಿ ಸುಮಾರು 2.7 ಕಿಲೋಮೀಟರ್. ನಿಮ್ಮ ಮಲ್ಪೆ ದಕ್ಕೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಸಾಗುವ ದೂರವೇ ಇದಕ್ಕಿಂತ ಹೆಚ್ಚು. ಗಾಳಿ ಅನುಕೂಲವಾಗಿದ್ದಾಗ 53 ಸೆಕೆಂಡುಗಳಲ್ಲೇ ಹಾರಾಟ ಮುಗಿದದ್ದೂ ಉಂಟು.

1967ರಿಂದ ಈ ಸೇವೆ ನಡೆಸುತ್ತಿರುವ ಲೋಗನ್‌ಏರ್ ಹುಟ್ಟಿದ್ದು 1962ರಲ್ಲಿ, ಡಂಕನ್ ಲೋಗನ್ ಎಂಬ ಕಟ್ಟಡ ಗುತ್ತಿಗೆ ಸಂಸ್ಥೆಯ ಏರ್ ಟ್ಯಾಕ್ಸಿ ವಿಭಾಗವಾಗಿ. 1968ರಲ್ಲಿ ಅದು, ಮುಂದೆ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡಿನಲ್ಲಿ ವಿಲೀನವಾದ ನ್ಯಾಷನಲ್ ಕಮರ್ಷಿಯಲ್ ಬ್ಯಾಂಕಿನ ಕೈಗೆ ಬಂತು. 1983ರಲ್ಲಿ ಬ್ರಿಟಿಷ್ ಮಿಡ್‌ಲ್ಯಾಂಡ್ ಎಂಬ ವಿಮಾನ ಸಂಸ್ಥೆ ಕೊಂಡುಕೊಂಡಿತು. 1997ರಲ್ಲಿ ಅದರ ಆಡಳಿತ ಮಂಡಳಿಯವರೇ ಖರೀದಿಸಿದರು. ನಡುವೆ 1994ರಿಂದ ಬ್ರಿಟಿಷ್ ಏರ್‌ವೇಸ್‌ನ, 2008ರಿಂದ ಫ್ಲೈಬಿ ಎಂಬ ಮತ್ತೊಂದು ವಿಮಾನ ಸಂಸ್ಥೆಯ ಹೆಸರು ಮತ್ತು ಬಣ್ಣಗಳಲ್ಲಿ ಹಾರಿ, 2017ರಲ್ಲಷ್ಟೇ ಪುನಃ ಸ್ವಂತ ಹೆಸರಿಗೆ ಮರಳಿತು. ಹೆಸರು ಎರವಲು ಕೊಟ್ಟಿದ್ದ ಫ್ಲೈಬಿ 2020ರಲ್ಲಿ ಮುಳುಗಿದಾಗ ಅದರ ಹಲವು ಮಾರ್ಗಗಳನ್ನು ವಹಿಸಿಕೊಂಡದ್ದೂ ಇದೇ ಸಣ್ಣ ಸಂಸ್ಥೆ.

ಒಡೆಯರು ಬದಲಾದರೂ ದ್ವೀಪಸೇವೆ ನಿಲ್ಲದಿರುವುದಕ್ಕೆ ಮೊದಲ ಕಾರಣ ವಿಮಾನ. ಬ್ರಿಟನ್ನಿನ ಐಲ್ ಆಫ್ ವೈಟ್ ದ್ವೀಪದಲ್ಲೇ ರೂಪುಗೊಂಡು 1965ರಲ್ಲಿ ಮೊದಲು ಹಾರಿದ ಬ್ರಿಟನ್-ನಾರ್ಮನ್ ಐಲ್ಯಾಂಡರ್, ಐನೂರು ಮೀಟರಿನ ಆಸುಪಾಸಿನ ಓಡುಹಾದಿಯಲ್ಲೇ ಏರಿ ಇಳಿಯಬಲ್ಲದು. ಅದರಲ್ಲಿ ಎಂಟು ಮಂದಿ ಪ್ರಯಾಣಿಕರು ಕೂರುತ್ತಾರೆ, ಒಬ್ಬರಿಗೆ ಪೈಲಟ್ಟಿನ ಪಕ್ಕದ ಆಸನವೂ ಸಿಗುತ್ತದೆ. ಪಶ್ಚಿಮದ ಬಾರಾ ದ್ವೀಪದ ಕತೆ ಇನ್ನೂ ವಿಚಿತ್ರ. ಅಲ್ಲಿ ಕಡಲತಡಿಯ ಮರಳೇ ನಿಲ್ದಾಣವಾದ್ದರಿಂದ, ಭರತ ಏರಿದಾಗ ರನ್‌ವೇ ನೀರಿನಡಿಗೆ ಹೋಗುತ್ತದೆ. ಟ್ವಿನ್ ಆಟರ್ ವಿಮಾನದ ವೇಳಾಪಟ್ಟಿಯನ್ನು ಇಳಿತದ ಲೆಕ್ಕ ನೋಡಿಯೇ ಬರೆಯುತ್ತಾರೆ.

ಎರಡನೆಯ ಕಾರಣವೇ ನನ್ನ ಮಟ್ಟಿಗೆ ಮುಖ್ಯ. ಆರ್ಕ್ನಿಯ ಒಳದ್ವೀಪಗಳ ಹಾರಾಟಕ್ಕೆ ಅಲ್ಲಿನ ಸ್ಥಳೀಯ ಆಡಳಿತವು ಗುತ್ತಿಗೆ ಕೊಟ್ಟು, ಟಿಕೆಟಿನಿಂದ ಹುಟ್ಟದ ಹಣವನ್ನು ತುಂಬಿಕೊಡುತ್ತದೆ. ಅಧ್ಯಾಪಕರು, ವೈದ್ಯರು, ಪೇಟೆಯ ಆಸ್ಪತ್ರೆಗೆ ಹೊರಟ ರೋಗಿಗಳು ಇದರ ನಿತ್ಯದ ಪ್ರಯಾಣಿಕರಾದ್ದರಿಂದ, ಇದನ್ನು ಲಾಭದ ವ್ಯಾಪಾರವೆಂದಲ್ಲ, ರಸ್ತೆಯೆಂದೇ ಎಣಿಸುತ್ತಾರೆ. ಏರ್ ಆಂಬುಲೆನ್ಸ್ ಕೆಲಸವನ್ನೂ ಲೋಗನ್‌ಏರ್ 2006ರವರೆಗೆ ನಿರ್ವಹಿಸಿತು.

ಪ್ರಶ್ನೆ: ಲಕ್ಷದ್ವೀಪಕ್ಕೆ ಕೊಚ್ಚಿಯೇ ವಿಮಾನದ್ವಾರವಾಯಿತು. ಮಂಗಳೂರು ಏಕಾಗಲಿಲ್ಲ?
– ಓದುಗರೊಬ್ಬರು, ಬಂದರು, ಮಂಗಳೂರು

ಉತ್ತರ: ದೂರವನ್ನಷ್ಟೇ ನೋಡಿದರೆ ಆಗಬೇಕಿತ್ತು. ಲಕ್ಷದ್ವೀಪದ ವಿಮಾನ ನಿಲ್ದಾಣವಿರುವ ಅಗತ್ತಿ ದ್ವೀಪವು ಮಂಗಳೂರಿನಿಂದ ನೇರ ಗೆರೆಯಲ್ಲಿ ಸುಮಾರು 380 ಕಿಲೋಮೀಟರ್, ಕೊಚ್ಚಿಯಿಂದ ಸುಮಾರು 460. ನಿಮ್ಮ ಬಂದರಿಗೆ ದ್ವೀಪದ ಮಂಜಿಗಳು (ಸರಕಿನ ಹಾಯಿದೋಣಿಗಳು) ಬರುತ್ತಿದ್ದುದಕ್ಕೂ ಆಡಳಿತದ ನಂಟಿತ್ತು: ಅಮಿನಿ, ಕಡಮತ್, ಕಿಲ್ತನ್ ಮೊದಲಾದ ಅಮಿನ್‌ದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆದರೆ ಅಗತ್ತಿ ಆಗ ಮಲಬಾರ್ ಜಿಲ್ಲೆಯ ಪಾಲಿನ ದ್ವೀಪ. ಈ ದ್ವೀಪಗಳೆಲ್ಲ ಸೇರಿ ಕೇಂದ್ರಾಡಳಿತ ಪ್ರದೇಶವಾದ ಮೇಲೆ ಆಡಳಿತ ಕೇಂದ್ರ 1964ರವರೆಗೆ ಕೋಝಿಕ್ಕೋಡಿನಲ್ಲಿದ್ದು, ಆನಂತರ ಕವರತ್ತಿಗೆ ಹೋಯಿತು. ನ್ಯಾಯಾಲಯದ ವ್ಯವಹಾರ ಕೇರಳ ಉಚ್ಚ ನ್ಯಾಯಾಲಯದ ವ್ಯಾಪ್ತಿಯಲ್ಲಿದೆ. ಹಾಗಾಗಿ ದ್ವೀಪವಾಸಿಗಳ ಕಚೇರಿ, ಆಸ್ಪತ್ರೆ, ಓದು ಎಲ್ಲವೂ ಕೇರಳದ ಕಡೆಗೇ ತಿರುಗಿದವು, ವಿಮಾನವೂ ಅವರ ಹಿಂದೆಯೇ ಹೋಯಿತು.

1988ರಲ್ಲಿ ತೆರೆದ ಅಗತ್ತಿ ನಿಲ್ದಾಣದ ರನ್‌ವೇ ಸುಮಾರು 1,200 ಮೀಟರ್ ಮಾತ್ರ. ಎಟಿಆರ್ 72ರಂಥ ಸಣ್ಣ ಪ್ರೊಪೆಲ್ಲರ್ ವಿಮಾನಗಳು ಕೂಡ ಅಲ್ಲಿ ಭಾರ ಕಡಿಮೆ ಮಾಡಿಕೊಂಡೇ ಹಾರಬೇಕಾಗುತ್ತದೆ. ತುಂಬದ ಆಸನಗಳ ನಷ್ಟ ಹೊರುವ ಆರ್ಕ್ನಿಯ ಏರ್ಪಾಡಿಗೆ ಹತ್ತಿರವಾದದ್ದು ನಮ್ಮಲ್ಲಿ ಸಣ್ಣ ಊರುಗಳಿಗೆ ವಿಮಾನ ಸಂಪರ್ಕ ಕಲ್ಪಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆ. ಆದರೆ ಅದರ ನೆರವು ಕಾಲಮಿತಿಯದು, ಮಾರ್ಗವನ್ನು ವಿಮಾನ ಸಂಸ್ಥೆಯೇ ಮುಂದೆ ಬಂದು ಬಿಡ್ ಮಾಡಿ ಪಡೆಯಬೇಕು. ಮಂಗಳೂರು–ಅಗತ್ತಿ ಮಾರ್ಗವನ್ನು ಬಯಸುವವರು ಮೊದಲು ಕೇಳಬೇಕಾದದ್ದು, ಆ ಅವಧಿ ಮುಗಿದ ಮೇಲೆ ಕೊರತೆಯನ್ನು ಯಾರು ತುಂಬುತ್ತಾರೆ ಎಂದು.