ಅಮ್ಮನ ಮಾತು, ಅಪ್ಪನ ಮಾತು

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 17 ವರ್ಷ. ನನ್ನ ಅಪ್ಪ, ಅಮ್ಮ ಬೇರೆ ಬೇರೆ ಭಾಷೆಯ, ಬೇರೆ ಬೇರೆ ನಡಾವಳಿಯ ಮನೆಗಳಿಂದ ಬಂದು ಮದುವೆಯಾದವರು. ನಾನು ಚಿಕ್ಕವಳಿದ್ದಾಗಲೇ ಅಪ್ಪ ತೀರಿಕೊಂಡರು. ಆ ಮೇಲೆ ಎರಡು ಮನೆಗಳ ನಡುವೆ ಮಾತು ನಿಂತುಹೋಯಿತು. ನಾನು ಬೆಳೆದದ್ದು ಅಮ್ಮನ ಕಡೆಯವರ ನಡುವೆ. ಕಳೆದ ವರ್ಷ ಅಪ್ಪನ ತಂಗಿ, ನನ್ನ ಅತ್ತೆ, ನಮ್ಮನ್ನು ಹುಡುಕಿಕೊಂಡು ಬಂದರು. ರಜೆಯಲ್ಲಿ ನಾನು ಅವರ ಮನೆಗೆ ಹೋದೆ. ಅಜ್ಜಿ ನನ್ನ ಕೈಯನ್ನು ತಿರುಗಿಸಿ ನೋಡಿ ಏನೋ ಹೇಳಿ ಅತ್ತರು. ಅವನದೇ ಬೆರಳುಗಳು ಎನ್ನುತ್ತಿದ್ದಾರೆ ಎಂದು ಅತ್ತೆ ಹೇಳಿದರು. ಅಲ್ಲಿ ಎಲ್ಲರೂ ನಕ್ಕಾಗ ನಾನು ಒಂದು ಕ್ಷಣ ತಡವಾಗಿ ನಗುತ್ತಿದ್ದೆ. ಅತ್ತೆಯ ಮಗನ ಸ್ನೇಹಿತನೊಬ್ಬ ನನಗೆ ಆ ಭಾಷೆ ಕಲಿಸಿದ. ಈಗ ನಾವಿಬ್ಬರೂ ಒಬ್ಬರನ್ನೊಬ್ಬರು ಇಷ್ಟಪಡುತ್ತೇವೆ. ಮನೆಗೆ ಬಂದ ಮೇಲೆ ಒಮ್ಮೆ ಅರಿವಿಲ್ಲದೆ ಆ ಭಾಷೆಯ ಪದವೊಂದು ನನ್ನ ಬಾಯಿಂದ ಬಂತು. ಬಟ್ಟೆ ಮಡಿಸುತ್ತಿದ್ದ ಅಮ್ಮನ ಕೈ ಅಲ್ಲಿಗೇ ನಿಂತಿತು. ಅವರು ಏನೂ ಹೇಳಲಿಲ್ಲ. ನಾನು ಯಾವ ಮನೆಯವಳು? ಹುಡುಗನ ವಿಷಯವನ್ನು ಅಮ್ಮನಿಗೆ ಹೇಳಲೇ? ಅಪ್ಪನ ಮನೆತನದ ಹೆಸರನ್ನು ನನ್ನ ಹೆಸರಿಗೆ ಸೇರಿಸಿಕೊಳ್ಳಬೇಕೆಂಬ ಆಸೆಯೂ ಇದೆ, ಅದು ತಪ್ಪೇ?

ಉತ್ತರ: ನಿನ್ನ ಪತ್ರದಲ್ಲಿ ಮೂರು ಪ್ರಶ್ನೆಗಳಿವೆ ಮಗಳೇ, ಆದರೆ ಅವು ಮೂರೂ ಒಂದೇ ಎಂಬಂತೆ ನೀನು ಬರೆದಿದ್ದೀಯೆ. ಕಷ್ಟವಿರುವುದು ಅಲ್ಲಿಯೇ ಎಂದು ನನಗನಿಸುತ್ತದೆ. ಅಪ್ಪನ ಮನೆ, ಅಪ್ಪನ ಭಾಷೆ, ಆ ಹುಡುಗ, ಈ ಮೂರೂ ಒಂದೇ ರಜೆಯಲ್ಲಿ, ಒಂದೇ ಬಾಗಿಲಿನಿಂದ ನಿನ್ನ ಬದುಕಿಗೆ ಬಂದವು. ಹಾಗಾಗಿ ಒಂದನ್ನು ಮುಟ್ಟಿದರೆ ಉಳಿದೆರಡೂ ಅಲುಗಾಡುತ್ತವೆ ಎಂಬ ಭಯ ನಿನ್ನಲ್ಲಿದೆ. ಅವುಗಳನ್ನು ನಿಧಾನವಾಗಿ ಬಿಡಿಸಿ ನೋಡೋಣ.

ಮೊದಲು ನಿನ್ನ ಆ ತಡವಾದ ನಗು. ಹದಿಹರೆಯದ ಗುರುತಿನ ಬಿಕ್ಕಟ್ಟಿನ ಬಗ್ಗೆ ಇಂದು ಎಲ್ಲರೂ ಮಾತನಾಡುತ್ತಾರೆ. ಆ ಮಾತನ್ನು ಬಳಕೆಗೆ ತಂದ ಮನೋವಿಜ್ಞಾನಿ ಎರಿಕ್ ಎರಿಕ್ಸನ್ ಅವರ ಬಾಲ್ಯ ನಿನ್ನದಕ್ಕೆ ಹತ್ತಿರವಾದದ್ದು. ಅವರು 1902ರಲ್ಲಿ ಜರ್ಮನಿಯಲ್ಲಿ ಹುಟ್ಟಿದರು. ತಾಯಿ ಡೆನ್ಮಾರ್ಕಿನ ಯಹೂದಿ ಮನೆತನದವರು. ಹೆತ್ತ ತಂದೆ ಯಾರೆಂಬುದು ಎರಿಕ್ಸನ್‌ಗೆ ಕೊನೆಯವರೆಗೂ ತಿಳಿಯಲಿಲ್ಲ. ಸಾಕಿದ ತಂದೆ ಮಕ್ಕಳ ವೈದ್ಯರು, ಅವರೂ ಯಹೂದಿ. ಹುಡುಗನಿಗೆ ಹೊಂಬಣ್ಣದ ಕೂದಲು, ನೀಲಿ ಕಣ್ಣು. ಶಾಲೆಯ ಹುಡುಗರು ಅವನನ್ನು ಯಹೂದಿಯೆಂದು ಹಂಗಿಸಿದರೆ, ಪ್ರಾರ್ಥನಾ ಮಂದಿರದ ಹುಡುಗರು ನಮ್ಮವನಲ್ಲವೆಂದು ಹಂಗಿಸುತ್ತಿದ್ದರು. ಎರಡೂ ಕಡೆಯ ಹೊಸ್ತಿಲಲ್ಲಿ ನಿಂತ ಆ ಹುಡುಗನೇ ಮುಂದೆ ‘ನಾನು ಯಾರು’ ಎಂಬ ಪ್ರಶ್ನೆ ಹದಿಹರೆಯದ ಮುಖ್ಯ ಕೆಲಸವೇ ಹೊರತು ರೋಗವಲ್ಲ ಎಂದು ಲೋಕಕ್ಕೆ ವಿವರಿಸಿದನು. ನಿನ್ನ ಪ್ರಶ್ನೆಯೂ ಅಂಥದ್ದೇ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

‘ಯಾವ ಮನೆಯವಳು’ ಎಂದು ಕೇಳಿದ್ದೀಯೆ. ಒಂದನ್ನು ಆರಿಸಿಕೊಳ್ಳಲೇಬೇಕು ಎಂದು ನಿನಗೆ ಯಾರೂ ಹೇಳಿದಂತೆ ಪತ್ರದಲ್ಲಿಲ್ಲ, ನೀನಾಗಿಯೇ ಹಾಗೆಂದುಕೊಂಡಿದ್ದೀಯೆ. ಕೆನಡಾದ ಮನೋವಿಜ್ಞಾನಿ ಜಾನ್ ಬೆರಿ ಮತ್ತು ಅವರ ಸಂಗಡಿಗರು 13 ದೇಶಗಳಲ್ಲಿ ವಲಸೆ ಬಂದ ಕುಟುಂಬಗಳ 5,000ಕ್ಕೂ ಹೆಚ್ಚು ಹದಿಹರೆಯದವರನ್ನು ಅಧ್ಯಯನ ಮಾಡಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಮನೆಯ ಸಂಸ್ಕೃತಿಯನ್ನೂ ಸುತ್ತಲಿನ ಸಂಸ್ಕೃತಿಯನ್ನೂ ಜೊತೆಯಾಗಿ ಇಟ್ಟುಕೊಂಡ ಮಕ್ಕಳೇ ಒಟ್ಟಾರೆ ಹೆಚ್ಚು ನೆಮ್ಮದಿಯಿಂದ ಇದ್ದರು, ಯಾವುದಕ್ಕೂ ಸೇರದೆ ತೇಲುತ್ತಿದ್ದವರ ಸ್ಥಿತಿ ಎಲ್ಲರಿಗಿಂತ ಕಷ್ಟದ್ದಾಗಿತ್ತು. ನಿನ್ನದು ವಲಸೆಯ ಕಥೆಯಲ್ಲ, ನಿಜ. ಆದರೂ ಎರಡನ್ನೂ ಇಟ್ಟುಕೊಳ್ಳುವುದು ಯಾರಿಗೋ ಮಾಡುವ ದ್ರೋಹವಲ್ಲ ಎಂಬುದಕ್ಕೆ ಇಷ್ಟು ಸಾಕು.

ಇದಕ್ಕಿಂತ ಸೂಕ್ಷ್ಮವಾದ ಮಾತೊಂದಿದೆ. ಎರಡು ಸಂಸ್ಕೃತಿಗಳ ನಡುವೆ ಬೆಳೆದವರನ್ನು ಅಧ್ಯಯನ ಮಾಡಿರುವ ವೆರೋನಿಕಾ ಬೆನೆಟ್-ಮಾರ್ಟಿನೆಜ್ ಎಂಬ ವಿದ್ವಾಂಸೆ, ತನ್ನೊಳಗಿನ ಎರಡು ಸಂಸ್ಕೃತಿಗಳು ದೂರ ದೂರ ಇವೆ ಎಂದು ಅನಿಸುವುದೇ ಬೇರೆ, ಅವು ಪರಸ್ಪರ ಜಗಳವಾಡುತ್ತಿವೆ ಎಂದು ಅನಿಸುವುದೇ ಬೇರೆ ಎಂದು ತೋರಿಸಿದರು. ನಗು ತಡವಾಗುವುದು ದೂರದ ಮಾತು. ಭಾಷೆ ಬಲಿತಂತೆ, ಹೋಗಿ ಬರುತ್ತಾ ಇದ್ದಂತೆ ಆ ದೂರ ಕಡಿಮೆಯಾಗುತ್ತದೆ. ಆದರೆ ಅಮ್ಮನ ಕೈ ನಿಂತಾಗ ನಿನ್ನ ಎದೆ ಧಸಕ್ಕೆಂದದ್ದು ಜಗಳದ ಭಯದಿಂದ. ಆ ಜಗಳ ಎರಡು ಸಂಸ್ಕೃತಿಗಳದ್ದಲ್ಲ ಎಂದು ನನಗೆ ತೋರುತ್ತದೆ. ಅದು ಒಬ್ಬನನ್ನೇ ಕಳೆದುಕೊಂಡ ಎರಡು ಮನೆಗಳು ತಮ್ಮ ತಮ್ಮ ದುಃಖವನ್ನು ಬೇರೆ ಬೇರೆಯಾಗಿ ಹೊತ್ತುಕೊಂಡು ಇಷ್ಟು ವರ್ಷ ಮಾತು ಬಿಟ್ಟದ್ದರ ನೋವು. ಆ ಪದವನ್ನು ಅಮ್ಮ ಇದಕ್ಕೆ ಮೊದಲು ಕೊನೆಯದಾಗಿ ಯಾರ ಬಾಯಿಂದ ಕೇಳಿರಬಹುದು, ಯೋಚಿಸಿ ನೋಡು. ಅವರ ಮೌನವನ್ನು ನೀನು ಕೋಪವೆಂದು ಓದಿಕೊಂಡಿದ್ದೀಯೆ. ಅದು ಕೋಪವೇ ಆಗಿರಬೇಕಾಗಿಲ್ಲ.

ಆದ್ದರಿಂದ ಅಮ್ಮನ ಬಳಿ ಹುಡುಗನ ವಿಷಯಕ್ಕಿಂತ ಮೊದಲು ಅಪ್ಪನ ವಿಷಯ ಎತ್ತು. ಅವರಿಬ್ಬರೂ ಮನೆಯಲ್ಲಿ ಯಾವ ಭಾಷೆಯಲ್ಲಿ ಮಾತನಾಡುತ್ತಿದ್ದರು, ಯಾವ ಪದಕ್ಕೆ ನಗುತ್ತಿದ್ದರು, ಯಾರು ಯಾರ ಭಾಷೆಯನ್ನು ಮೊದಲು ಕಲಿತರು ಎಂದು ಕೇಳು. ಅಮೆರಿಕದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫೈವುಶ್ ಎಂಬ ಮನೋವಿಜ್ಞಾನಿಗಳು, ಅಪ್ಪ ಅಮ್ಮ ಹೇಗೆ ಪರಿಚಯವಾದರು, ಅಜ್ಜ ಅಜ್ಜಿ ಎಲ್ಲಿ ಬೆಳೆದರು ಎಂಬಂತಹ 20 ಪ್ರಶ್ನೆಗಳನ್ನು ಮಕ್ಕಳ ಮುಂದಿಟ್ಟರು. ಮನೆಯ ಕಥೆ ಹೆಚ್ಚು ತಿಳಿದಿದ್ದ ಮಕ್ಕಳಲ್ಲಿ ಆತ್ಮವಿಶ್ವಾಸವೂ ಬದುಕು ತಮ್ಮ ಹಿಡಿತದಲ್ಲಿದೆ ಎಂಬ ಭಾವವೂ ಹೆಚ್ಚಾಗಿ ಕಂಡುಬಂದವು. ಉತ್ತರಗಳನ್ನು ಬಾಯಿಪಾಠ ಮಾಡಿದರೆ ಅದು ಬರುವುದಿಲ್ಲ ಎಂದೂ ಡ್ಯೂಕ್ ಎಚ್ಚರಿಸಿದ್ದಾರೆ. ಕುಳಿತು ಹೇಳುವುದು, ಕುಳಿತು ಕೇಳುವುದು, ಮತ್ತೆ ಮತ್ತೆ ಹಾಗೆ ಸೇರುವುದು, ಅದರಲ್ಲಿಯೇ ಇರುವುದು ಸತ್ವ. ನಿನ್ನ ಅಪ್ಪನ ಕಥೆಯಲ್ಲಿ ಅರ್ಧ ಅಜ್ಜಿಯ ಬಳಿ ಇದೆ, ಅರ್ಧ ಅಮ್ಮನ ಬಳಿ ಇದೆ. ಎರಡನ್ನೂ ಕೇಳಬಲ್ಲವಳು ನೀನೊಬ್ಬಳೇ. ಆದರೆ ಒಂದು ಮನೆಯ ದೂರನ್ನು ಇನ್ನೊಂದು ಮನೆಗೆ ಮುಟ್ಟಿಸುವ ಕೆಲಸವನ್ನು ಮಾತ್ರ ಒಪ್ಪಿಕೊಳ್ಳಬೇಡ. ಹಿರಿಯರ ನಡುವಿನ ಹಳೆಯ ಮುನಿಸನ್ನು ಸರಿಪಡಿಸುವ ಭಾರ ಹದಿನೇಳರ ಹುಡುಗಿಯದಲ್ಲ.

ಈಗ ಆ ಹುಡುಗ. ನಿನ್ನ ಪ್ರೀತಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಗೊತ್ತಿಲ್ಲದ ಭಾಷೆಯಲ್ಲಿ ತಪ್ಪು ತಪ್ಪಾಗಿ ಮಾತನಾಡುವಾಗ ನಗದೆ ಕಾದು ಕುಳಿತವನನ್ನು ಇಷ್ಟಪಡುವುದು ಸಹಜ. ಆದರೆ ಅವನು ನಿನಗೆ ಇಷ್ಟವಾಗಿದ್ದಾನೋ, ಅಥವಾ ಅವನ ಪಕ್ಕದಲ್ಲಿರುವಾಗ ನೀನು ಆ ಮನೆಯವಳೇ ಆಗಿಬಿಟ್ಟೆ ಎಂಬ ಭಾವ ಇಷ್ಟವಾಗಿದೆಯೋ? ಎರಡೂ ಇರಬಹುದು. ಎರಡನೆಯದೇ ಹೆಚ್ಚಾಗಿದ್ದರೆ ಅದು ಅವನ ಮೇಲೆ ದೊಡ್ಡ ಹೊರೆ, ಏಕೆಂದರೆ ನಾಳೆ ನಿಮ್ಮಿಬ್ಬರಲ್ಲಿ ಮನಸ್ತಾಪ ಬಂದರೆ ನಿನಗೆ ಅಪ್ಪನ ಮನೆಯೇ ಕೈಬಿಟ್ಟಂತೆ ಅನಿಸುತ್ತದೆ. ಆ ಮನೆಗೆ ನಿನಗೆ ದಾರಿಯಾಗಿ ಅತ್ತೆ ಇದ್ದಾರೆ, ಅಜ್ಜಿ ಇದ್ದಾರೆ, ನಿನ್ನ ಬೆರಳುಗಳೇ ಇವೆ. ಭಾಷೆಯನ್ನು ಇನ್ನು ಮುಂದೆ ಅತ್ತೆಯಿಂದಲೂ ಕಲಿ. ಆಗ ಅವನು ಬರೀ ಅವನಾಗಿಯೇ ನಿನಗೆ ಕಾಣಿಸುತ್ತಾನೆ.

ಅಮ್ಮನಿಗೆ ಹೇಳಲೇ ಎಂದರೆ, ಹೇಳು. ಮುಚ್ಚಿಟ್ಟ ಪ್ರೀತಿ ಇನ್ನಷ್ಟು ಗಾಢವಾಗುತ್ತದೆ ಎಂಬ ನಂಬಿಕೆ ಬಹಳ ಕಾಲದಿಂದ ಇದೆ. ಹಿರಿಯರ ವಿರೋಧ ಪ್ರೇಮವನ್ನು ಹೆಚ್ಚಿಸುತ್ತದೆ ಎಂದು 1972ರ ಅಧ್ಯಯನವೊಂದು ಹೇಳಿಯೂ ಇತ್ತು. ಆದರೆ 2014ರಲ್ಲಿ ಅದನ್ನು ಮತ್ತೆ ಪರೀಕ್ಷಿಸಿದವರಿಗೆ ಅಂತಹ ಪರಿಣಾಮ ಸಿಗಲಿಲ್ಲ. ಹತ್ತಿರದವರ ಒಪ್ಪಿಗೆ ಇದ್ದ ಕಡೆಯೇ ಸಂಬಂಧ ಗಟ್ಟಿಯಾಗಿತ್ತು. ಹೇಳುವಾಗ ‘ನಮ್ಮಿಬ್ಬರಿಗೆ ಸ್ನೇಹವಿದೆ, ನನಗೆ ಅವನು ಇಷ್ಟ, ನಿನ್ನಿಂದ ಬಚ್ಚಿಡಲು ನನಗೆ ಮನಸ್ಸಿಲ್ಲ’ ಎಂದಷ್ಟೇ ಹೇಳು. ಮುಂದಿನ ಹತ್ತು ವರ್ಷಗಳ ಮಾತು ಬೇಡ. ಅಮ್ಮ ಅಂದೇ ಒಪ್ಪಲಿ ಎಂದು ಒತ್ತಾಯಿಸಲೂ ಬೇಡ. ಅವನು ಯಾವುದನ್ನಾದರೂ ಗುಟ್ಟಾಗಿಡು ಎಂದರೆ, ಫೋಟೋ ಕಳುಹಿಸೆಂದು ಪೀಡಿಸಿದರೆ, ನಿನಗೆ ಒಪ್ಪಿಗೆಯಿಲ್ಲದ್ದಕ್ಕೆ ಬಲವಂತ ಮಾಡಿದರೆ, ಅಲ್ಲಿಗೆ ನಿಲ್ಲಿಸಿ ಅತ್ತೆಗೋ ಅಮ್ಮನಿಗೋ ತಿಳಿಸು. ಈ ಮಾತನ್ನು ಅವನ ಮೇಲಿನ ಅನುಮಾನದಿಂದ ಹೇಳುತ್ತಿಲ್ಲ, ನಿನ್ನ ವಯಸ್ಸಿನ ಎಲ್ಲರಿಗೂ ಹೇಳುತ್ತೇನೆ.

ಹೆಸರಿನ ಆಸೆ ತಪ್ಪಲ್ಲ, ಆತುರ ಮಾತ್ರ ಬೇಡ. ಎರಿಕ್ಸನ್ ಸಾಕುತಂದೆಯ ಹೆಸರಿನಲ್ಲಿಯೇ ಬೆಳೆದು, 1939ರಲ್ಲಿ ಅಮೆರಿಕದ ಪೌರತ್ವ ಪಡೆಯುವಾಗ ಎರಿಕ್ಸನ್ ಎಂಬ ಹೆಸರನ್ನು ತಾವಾಗಿ ಇಟ್ಟುಕೊಂಡರು. ಆಗ ಅವರ ವಯಸ್ಸು ಸುಮಾರು 37. ನಿನಗೆ ಇನ್ನೂ ಬಹಳ ಸಮಯವಿದೆ. ಅದಕ್ಕಿಂತ ಮೊದಲು ಮುಂದಿನ ರಜೆ ಬರುತ್ತದೆ. ಹೊರಡುವ ಹಿಂದಿನ ದಿನ, ಅಜ್ಜಿಗೆ ಏನಾದರೂ ಹೇಳಿ ಕಳುಹಿಸುವುದಿದೆಯೇ ಎಂದು ಅಮ್ಮನನ್ನು ಕೇಳು. ಇಲ್ಲವೆಂದರೆ ಬೇಸರಿಸದೆ ಹೋಗಿ ಬಾ. ಅದರ ಮುಂದಿನ ರಜೆಯಲ್ಲಿ ಮತ್ತೊಮ್ಮೆ ಕೇಳು.