ಆಶ್ರಮಕ್ಕೆ ಹೋಗುವಾಗ ಮಾತ್ರೆ ಡಬ್ಬಿ ಮನೆಯಲ್ಲಿ ಬಿಡಬೇಡಿ

ಯೋಗ, ಧ್ಯಾನ, ಪ್ರಕೃತಿ ಚಿಕಿತ್ಸೆಗೆಂದು ಒಂದಷ್ಟು ದಿನ ಹೋಗಿ ಇರಬೇಕು ಅನ್ನುವವರ ಪತ್ರಗಳು ಈ ಸಲ ಜಾಸ್ತಿ ಬಂದಿವೆ. ಮೂರನ್ನು ಆರಿಸಿಕೊಂಡಿದ್ದೇನೆ. ಮೂವರೂ ಕೇಳಿರುವುದು ಮಾತ್ರೆಯ ವಿಷಯವನ್ನೇ.

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಅಮ್ಮನಿಗೆ 58 ವರ್ಷ. ಶುಗರ್ ಬಂದು ಬಹಳ ವರ್ಷ ಆಯಿತು, ಬಿಪಿಯೂ ಇದೆ. ಮೆಟ್‌ಫಾರ್ಮಿನ್ ಜೊತೆ ಗ್ಲಿಮೆಪಿರೈಡ್ ತಗೊಳ್ಳುತ್ತಾರೆ. ಧರ್ಮಸ್ಥಳದ ಶಾಂತಿವನಕ್ಕೋ ಜಿಗಣಿಯ ಪ್ರಶಾಂತಿ ಕುಟೀರಕ್ಕೋ ಹೋಗಿ ಹತ್ತು ದಿನ ಇರಬೇಕು ಅಂತ ಅವರಿಗೆ ಆಸೆ. ಇಂಥ ಕಡೆ ಹೋದ ಮೇಲೆ ಮಾತ್ರೆಯೇ ಬೇಡ ಅಂತ ಪಕ್ಕದ ಮನೆಯವರು ಹೇಳಿದ್ದಾರೆ. ಹೌದಾ?
– ಓದುಗರು, ದಾವಣಗೆರೆ

ಉತ್ತರ: ಅಮ್ಮನನ್ನು ಖಂಡಿತ ಕಳಿಸಿ. ಆದರೆ ಮಾತ್ರೆಗಳೂ ಅವರ ಜೊತೆಗೇ ಹೋಗಲಿ. ಪಕ್ಕದ ಮನೆಯವರ ಮಾತು ಕೇಳಿ ಒಂದನ್ನೂ ಬಿಡಿಸಬೇಡಿ.

ನೀವು ಹೇಳಿದ ಎರಡು ಜಾಗಗಳ ರೀತಿ ಬೇರೆ ಬೇರೆ. ಶಾಂತಿವನ ನೇತ್ರಾವತಿ ದಡದ ಪ್ರಕೃತಿ ಚಿಕಿತ್ಸಾ ಆಸ್ಪತ್ರೆ. ಮಣ್ಣಿನ ಪಟ್ಟಿ, ನೀರಿನ ಚಿಕಿತ್ಸೆ, ಮಸಾಜ್, ಪಥ್ಯದ ಊಟ ಅಲ್ಲಿ ಮುಖ್ಯ. ಪ್ರಶಾಂತಿ ಕುಟೀರದಲ್ಲಿ ಯೋಗ ಚಿಕಿತ್ಸೆ ಮುಖ್ಯ. ಕಾಯಿಲೆಗೆ ತಕ್ಕಂತೆ ವಿಭಾಗಗಳಿವೆ, ಶುಗರ್‌ನವರಿಗೆ ಒಂದು ಥರ, ಬೆನ್ನುನೋವಿನವರಿಗೆ ಇನ್ನೊಂದು ಥರ ಅಭ್ಯಾಸ. ಎರಡೂ ಕಡೆ ಓದಿ ಪದವಿ ಪಡೆದ ಡಾಕ್ಟರುಗಳು ಇರುತ್ತಾರೆ. ಮೊದಲ ದಿನವೇ ಅವರ ಕೈಗೆ ಮಾತ್ರೆ ಚೀಟಿ, ಈಚಿನ ರಕ್ತ ಪರೀಕ್ಷೆಯ ವರದಿ ಕೊಡಿ. ಮನೆ ಡಾಕ್ಟರ ಫೋನ್ ನಂಬರನ್ನೂ ಬರೆದುಕೊಡಿ.

ಇಷ್ಟು ಒತ್ತಿ ಹೇಳಲು ಕಾರಣ ಗ್ಲಿಮೆಪಿರೈಡ್. ಹೊಟ್ಟೆಗೆ ಊಟ ಬೀಳಲಿ ಬಿಡಲಿ, ಅದು ಇನ್ಸುಲಿನ್ ಹೊರಡಿಸುತ್ತಲೇ ಇರುತ್ತದೆ. ಬೂದಗುಂಬಳದ ರಸ, ಎಳನೀರು ಕುಡಿದುಕೊಂಡು ಉಪವಾಸ ಮಾಡುವಾಗ ಈ ಮಾತ್ರೆಯನ್ನು ಹಳೆಯ ಅಳತೆಯಲ್ಲೇ ನುಂಗಿದರೆ ಶುಗರ್ ಕುಸಿಯುತ್ತದೆ. ಬೆವರು, ನಡುಕ, ಎದೆಬಡಿತ, ಮಾತು ತಡವರಿಸುವುದು ಎಲ್ಲ ಶುರುವಾಗುತ್ತದೆ. ಮೆಟ್‌ಫಾರ್ಮಿನ್ ಒಂದರಿಂದಲೇ ಹೀಗಾಗುವುದು ಅಪರೂಪ. ಹಾಗಾಗಿ ಯಾವ ಮಾತ್ರೆ ಎಷ್ಟು ಇಳಿಸಬೇಕು ಅನ್ನುವುದನ್ನು ದಿನದಿನದ ಶುಗರ್ ನೋಡಿ ಡಾಕ್ಟರೇ ತೀರ್ಮಾನಿಸಬೇಕು. ಡಾಪಾಗ್ಲಿಫ್ಲೋಜಿನ್ ಥರದ ಶುಗರ್ ಮಾತ್ರೆ ತಗೊಳ್ಳುವವರಿಗೆ ಇನ್ನೊಂದು ಅಪಾಯವಿದೆ. ಉಪವಾಸದಲ್ಲಿ ಶುಗರ್ ತೀರಾ ಏರದೆಯೂ ರಕ್ತದಲ್ಲಿ ಆಮ್ಲ ಸೇರಿಕೊಳ್ಳಬಹುದು. ವಾಂತಿ, ಹೊಟ್ಟೆನೋವು, ವಿಪರೀತ ಸುಸ್ತು ಕಂಡರೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಒಂದು ಮಾತು. ನಡುಗುತ್ತಾ ಬೆವರುತ್ತಾ ಇರುವವರಿಗೆ ಜೊತೆಯವರು "ಒಳಗಿನ ವಿಷ ಹೊರಗೆ ಬರ್ತಿದೆ, ತಡ್ಕೊಳ್ಳಿ" ಅನ್ನುತ್ತಾರೆ. ತಡೆದುಕೊಳ್ಳಬಾರದು. ಕೂಡಲೇ ಶುಗರ್ ನೋಡಿಸಿ. 70ಕ್ಕಿಂತ ಕೆಳಗಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಉಪವಾಸ ಕೆಟ್ಟಿತು ಅಂತ ಯೋಚನೆ ಬೇಡ. ಎಚ್ಚರ ತಪ್ಪಿದ್ದರೆ ಮಾತ್ರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಬಿಪಿ ಇರುವುದರಿಂದ ಉಪ್ಪುನೀರು ಕುಡಿಯುವ ಶಂಖಪ್ರಕ್ಷಾಲನ ಅಮ್ಮನಿಗೆ ಬೇಡ. ಹಬೆ ಸ್ನಾನವನ್ನೂ ಡಾಕ್ಟರನ್ನು ಕೇಳಿಯೇ ಮಾಡಲಿ.

ಹತ್ತು ದಿನದಲ್ಲಿ ಶುಗರ್ ಇಳಿಯುವ ಸಾಧ್ಯತೆ ಚೆನ್ನಾಗಿಯೇ ಇದೆ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ನಡಿಗೆ, ಆಸನ, ಮನೆಯ ಚಿಂತೆ ದೂರ. ಇಳಿಯದೆ ಏನು? ಆದರೆ ದಾವಣಗೆರೆಗೆ ಬಂದು ಹಳೆಯ ರೀತಿಗೇ ಮರಳಿದರೆ ಶುಗರೂ ಮರಳುತ್ತದೆ. ಬರುವಾಗ ಊಟದ ಪಟ್ಟಿ, ಮನೆಯಲ್ಲಿ ಮಾಡಬೇಕಾದ ಅಭ್ಯಾಸ ಬರೆಸಿಕೊಂಡು ಬನ್ನಿ. ಸಾಧ್ಯವಾದರೆ ನೀವೂ ಜೊತೆಗೆ ಹೋಗಿ. ಮನೆಯಲ್ಲಿ ಅಡುಗೆ ಬದಲಾಗದೆ ಅಮ್ಮನೊಬ್ಬರ ಪಥ್ಯ ನಡೆಯುವುದು ಕಷ್ಟ ಅಲ್ವಾ?

ಪ್ರಶ್ನೆ: ಐಟಿ ಕೆಲಸ, 29 ವರ್ಷ. ಬೆಂಗಳೂರಿನ ಹತ್ತಿರ ಹತ್ತು ದಿನದ ವಿಪಶ್ಯನ ಶಿಬಿರಕ್ಕೆ ಅರ್ಜಿ ಹಾಕಬೇಕು ಅಂತಿದ್ದೇನೆ. ಪ್ಯಾನಿಕ್ ಅಟ್ಯಾಕ್ ಬರುತ್ತಿತ್ತು, ಈಗ ಎಸ್ಸಿಟಾಲೊಪ್ರಾಮ್ ತಗೊಳ್ಳುತ್ತಿದ್ದೇನೆ. ಅರ್ಜಿಯಲ್ಲಿ ಬರೆದರೆ ಸೀಟು ಕೊಡಲ್ಲ ಅಂತಾರೆ ಸ್ನೇಹಿತರು. ಬರೆಯದೆ ಮಾತ್ರೆ ನಿಲ್ಲಿಸಿ ಹೋಗಲಾ?
– ಹೆಸರು ಬೇಡ, ಬೆಂಗಳೂರು

ಉತ್ತರ: ಬೇಡಪ್ಪ. ಎರಡೂ ಬೇಡ.

ತುಮಕೂರು ರಸ್ತೆ ಕಡೆಯ ಆಲೂರಿನಲ್ಲಿರುವ ಧಮ್ಮ ಪಫುಲ್ಲ ಕೇಂದ್ರದ ಬಗ್ಗೆ ಕೇಳುತ್ತಿದ್ದೀರಿ ಅಂದುಕೊಳ್ಳುತ್ತೇನೆ. ಬರ್ಮಾದಲ್ಲಿ ಊ ಬಾ ಖಿನ್ ಅವರಿಂದ ಕಲಿತ ಎಸ್. ಎನ್. ಗೋಯೆಂಕಾ 1969ರಲ್ಲಿ ಭಾರತಕ್ಕೆ ತಂದ ಪದ್ಧತಿ ಇದು. ಶುಲ್ಕ ಇಲ್ಲ, ಹಿಂದೆ ಶಿಬಿರ ಮುಗಿಸಿದವರು ಕೊಟ್ಟ ದಾನದಲ್ಲೇ ನಡೆಯುತ್ತದೆ. ಆದರೆ ದಿನಚರಿ ಸುಲಭದ್ದಲ್ಲ. ಬೆಳಗಿನ ಜಾವ 4ಕ್ಕೆ ಗಂಟೆ. ದಿನಕ್ಕೆ ಸುಮಾರು ಹತ್ತು ತಾಸು ಧ್ಯಾನ. 11ಕ್ಕೆ ಊಟ, ಸಂಜೆ ಹೊಸಬರಿಗೆ ಚಹಾ, ಹಣ್ಣು ಅಷ್ಟೇ. ಫೋನ್ ಇಲ್ಲ, ಪುಸ್ತಕ ಇಲ್ಲ, ಪೆನ್ನೂ ಇಲ್ಲ. ಹತ್ತನೇ ದಿನದವರೆಗೆ ಮೌನ. ಮೊದಲ ಮೂರು ದಿನ ಉಸಿರನ್ನು ಗಮನಿಸುವ ಆನಾಪಾನ, ನಾಲ್ಕನೇ ದಿನ ಮೈಯೊಳಗಿನ ಅನುಭವಗಳನ್ನು ಗಮನಿಸುವ ವಿಪಶ್ಯನ ಶುರು. ಮನಸ್ಸು ಗಟ್ಟಿ ಇರುವಾಗ ಇದು ತುಂಬ ಒಳ್ಳೆಯ ಅನುಭವ. ಎದೆ ಡವಗುಟ್ಟುವುದಕ್ಕೇ ಹೆದರುವವರಿಗೆ ದಿನವಿಡೀ ಮೈಯೊಳಗನ್ನೇ ಗಮನಿಸುವುದು ಕೆಲವೊಮ್ಮೆ ಭಯ ಹೆಚ್ಚಿಸುತ್ತದೆ.

ಎಸ್ಸಿಟಾಲೊಪ್ರಾಮ್ ಅನ್ನು ಸಡನ್ನಾಗಿ ನಿಲ್ಲಿಸಿದರೆ ಕೆಲವು ದಿನಗಳಲ್ಲೇ ತಲೆಸುತ್ತು, ನಿದ್ದೆಗೇಡು, ತಲೆಯೊಳಗೆ ಕರೆಂಟ್ ಹೊಡೆದಂತಾಗುವುದು, ಸುಮ್ಸುಮ್ನೆ ಅಳು ಬರಬಹುದು. ಆಗ ನೀವು ಮೌನದಲ್ಲಿ ಕೂತಿರುತ್ತೀರಿ. ಮಾತ್ರೆ ಬಿಟ್ಟದ್ದರ ಪರಿಣಾಮವನ್ನು ಹಳೆಯ ಸಂಸ್ಕಾರ ಕರಗುತ್ತಿದೆ ಅಂತ ನೀವೇ ತಿಳಿದುಕೊಳ್ಳುತ್ತೀರಿ. ಕಲಿಸುವವರಿಗೆ ವಿಷಯವೇ ಗೊತ್ತಿರುವುದಿಲ್ಲ. ಅವರು ಹೇಗೆ ಸಹಾಯ ಮಾಡಬೇಕು ಹೇಳಿ?

ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಪ್ರಶ್ನೆ ಇರುವುದು ನಿಮ್ಮ ರಕ್ಷಣೆಗೆ. ನಿಜ ಬರೆಯಿರಿ. ಈಗ ಬೇಡ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮನೋವೈದ್ಯರ ಜೊತೆ ಮಾತಾಡಿ, ಅವರು ಸರಿ ಅಂದರೆ ಮನೆಯಲ್ಲೇ ದಿನಕ್ಕೆ ಹತ್ತು ನಿಮಿಷ ಉಸಿರಿನ ಗಮನ ಶುರು ಮಾಡಿ. ಕಣ್ಣು ತೆರೆದುಕೊಂಡೇ ಕೂತರೂ ಆದೀತು. ಒಂದಷ್ಟು ತಿಂಗಳು ಇದು ಹಿತವಾಗಿ ನಡೆದರೆ ಮತ್ತೆ ಅರ್ಜಿ ಹಾಕಿ.

ಪ್ರಶ್ನೆ: ಗೋಕರ್ಣದ ಕಡೆ ಒಂದು ಹೀಲಿಂಗ್ ಶಿಬಿರಕ್ಕೆ ಹೋಗಿದ್ದೆ. ಥೈರಾಯ್ಡ್ ಮಾತ್ರೆ ಬಿಡಿಸಿದರು. ಎರಡು ವಾರ ಆಯಿತು, ಆರಾಮಾಗಿದ್ದೇನೆ. ಗುಣ ಆಯಿತಾ?
– ಓದುಗರು, ಕುಮಟಾ

ಉತ್ತರ: ಎರಡು ವಾರದಲ್ಲಿ ಅದು ಗೊತ್ತಾಗುವುದಿಲ್ಲ. ಆ ಮಾತ್ರೆಯಲ್ಲಿರುವ ಹಾರ್ಮೋನು ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಈಗಿನ ಆರಾಮದಲ್ಲಿ ಹಳೆಯ ಮಾತ್ರೆಯ ಪಾಲೂ ಇದೆ. ಸುಸ್ತು, ಮಲಬದ್ಧತೆ, ಚಳಿ ತಡೆಯದಿರುವುದು, ಮೈ ಊದುವುದು ಇನ್ನು ಮುಂದೆ ನಿಧಾನವಾಗಿ ಕಾಣಿಸಿಕೊಳ್ಳಬಹುದು. ಗ್ರಂಥಿ ಕೆಲಸ ನಿಲ್ಲಿಸಿದ್ದರೆ ಆ ಹಾರ್ಮೋನನ್ನು ಹೊರಗಿನಿಂದ ಕೊಡಲೇಬೇಕು. ಯೋಗ ಮಾಡಿ, ಒಳ್ಳೆಯದೇ. ಆದರೆ ಮಾತ್ರೆಯ ಕೆಲಸವನ್ನು ಅದು ಮಾಡುವುದಿಲ್ಲ.

ನಿಮಗೆ ಮಾತ್ರೆ ಬರೆದುಕೊಟ್ಟಿದ್ದ ಡಾಕ್ಟರನ್ನು ಇವತ್ತೇ ಕಾಣಿ, ಮತ್ತೆ ಶುರು ಮಾಡುವ ಬಗ್ಗೆ ಕೇಳಿ. ಥೈರಾಯ್ಡ್ ಹೇಗಿದೆ ಅಂತ ತಿಳಿಸುವ ಟಿಎಸ್‌ಎಚ್ ರಕ್ತ ಪರೀಕ್ಷೆ ಯಾವಾಗ ಮಾಡಿಸಬೇಕು ಅನ್ನುವುದನ್ನೂ ಅವರೇ ಹೇಳುತ್ತಾರೆ. ನೀವು ಗರ್ಭಿಣಿಯಾಗಿದ್ದರೆ, ಅಥವಾ ಮಗುವಿಗಾಗಿ ಪ್ರಯತ್ನಿಸುತ್ತಿದ್ದರೆ, ಒಂದು ದಿನವೂ ತಡ ಮಾಡಬೇಡಿ. ಹೊಟ್ಟೆಯಲ್ಲಿರುವ ಮಗುವಿನ ಮೆದುಳು ಬೆಳೆಯಲು ಮೊದಲ ತಿಂಗಳುಗಳಲ್ಲಿ ತಾಯಿಯ ಥೈರಾಕ್ಸಿನ್ನೇ ಆಧಾರ.

ಇನ್ನು ಮುಂದೆ ಇಂಥ ಕಡೆ ಹೆಸರು ಕೊಡುವ ಮೊದಲು, ಚಿಕಿತ್ಸೆ ಕೊಡುವವರು ಬಿಎನ್‌ವೈಎಸ್ (ಪ್ರಕೃತಿ ಚಿಕಿತ್ಸೆ, ಯೋಗದ ಪದವಿ) ಅಥವಾ ಬಿಎಎಂಎಸ್ (ಆಯುರ್ವೇದ ಪದವಿ) ಓದಿದ್ದಾರಾ, ಖಾಸಗಿ ಆಸ್ಪತ್ರೆಗಳಿಗೆ ಅನ್ವಯಿಸುವ ರಾಜ್ಯದ ಕೆಪಿಎಂಇ ಕಾಯ್ದೆಯಡಿ ನೋಂದಣಿ ಆಗಿದೆಯಾ, ರಾತ್ರಿ ಹೊತ್ತು ಡಾಕ್ಟರ್ ಸಿಗುತ್ತಾರಾ ಅಂತ ಫೋನಿನಲ್ಲೇ ಕೇಳಿ.